ಆರಡಿ, ಮೂರಡಿ

ಸಮಿತಿಯಲ್ಲಿ ನಾನಿರುವುದು
ಕೀಲಿಗೊಂಚಲು ನನ್ನ ಸೊಂಟದಲ್ಲಿರುವುದರಿಂದ.
ಉಳಿದವರೆಲ್ಲ ಓದಿದವರು:
ಸೂಪರಿಂಟೆಂಡೆಂಟ್ ಸ್ಟಿಮಾಕ್ ಮೇಡಂ, ನರ್ಸ್ ಐಲಿ ಕೊಸ್ಕೆಲಾ,
ಬಸ್ಸಿನ ಲೆಕ್ಕದ ಡುವೇನ್, ಇಬ್ಬರು ಟೀಚರು,
ಪಾಲಕರ ಪರವಾಗಿ ಒಬ್ಬ ಹಲ್ಲಿನ ಡಾಕ್ಟರು.
ಗ್ರಂಥಾಲಯದಲ್ಲಿ ಮೇಜಿಗೊಬ್ಬರಂತೆ ಕೂತು
ಮಾಸ್ಕಿನೊಳಗಿಂದ ಕೂಗಾಡುತ್ತೇವೆ,
ಅರ್ಧ ಮಾತು ಬಟ್ಟೆಗೇ ಅಂಟಿಕೊಳ್ಳುತ್ತದೆ.

ಜುಲೈ. ಉತ್ತರ ಮಿನೆಸೋಟ. ಗಣಿಯ ಧೂಳು
ಕಿಟಕಿಯ ಹೊರಮೈಗೆ ಕೆಮ್ಮಣ್ಣು ಸಾರಿಸಿದ ಹಾಗೆ.
ಯೋಜನೆಗೆ ಈಗ ಒಂಬತ್ತನೇ ಆವೃತ್ತಿ.
ಎಂಟನೆಯದು ಮೂರು ದಿನ ಬಾಳಿತು.

ಜಗಳ ಒಂದೇ: ಆರಡಿಯೋ, ಮೂರಡಿಯೋ?
ಆರಡಿಯಾದರೆ ಕೋಣೆಗೆ ಹನ್ನೊಂದು ಮಕ್ಕಳು,
ಮೂರಡಿಯಾದರೆ ಇಪ್ಪತ್ತೆರಡು.
ಹಲ್ಲಿನ ಡಾಕ್ಟರಿಗೆ ಮೂರಡಿ ಸಾಕು;
ಅವನ ಹೆಂಡತಿಗೆ ನಾಲ್ಕು ಮಕ್ಕಳ ಪಾಠ ಸಾಕುಸಾಕಾಗಿದೆ.
ಐಲಿ ಆರರಲ್ಲಿ ಒಂದಿಂಚೂ ಬಿಡಳು.
ನಡುವೆ ಮೇಡಂ ಬರೆಯುತ್ತಾರೆ, ಹೊಡೆದುಹಾಕುತ್ತಾರೆ,
ಆರಡಿ, ಮೂರಡಿ, ಆರಡಿ.

ನಾನು ಟೇಪು ಹಿಡಿದವನು. ಬಾಯಿ ಬಿಡಲಿಲ್ಲ.
ಆರಡಿ ಉದ್ದ, ಮೂರಡಿ ಅಗಲ ಅಂದರೆ ಏನೆಂದು
ಏಪ್ರಿಲ್ ಕೊನೆಗೆ ನೋಡಿ ಬಂದಿದ್ದೆ.
ರೋಸ್ ಪ್ರೆಬಿಚ್. ಅಡುಗೆಮನೆ. ಮೂವತ್ತೊಂದು ವರ್ಷ.
ನೆಲ ಇನ್ನೂ ಕಲ್ಲಾಗಿತ್ತು, ಯಂತ್ರ ತರಿಸಬೇಕಾಯಿತು.
ಹತ್ತೇ ಜನಕ್ಕೆ ಅನುಮತಿ; ನಾನು ಹನ್ನೊಂದನೆಯವನು,
ಬೇಲಿಯಾಚೆ ಪಿಕಪ್ಪಿನಲ್ಲಿ ಕೂತು
ಗಾಜು ಇಳಿಸಿ ಕೇಳಿಸಿಕೊಂಡೆ.

ಊಟದ ಕಿಂಡಿಯ ಮೇಲೆ ಅವಳ ಕೈಬರಹ ಇನ್ನೂ ಇದೆ:
ನೂಕಬೇಡಿ. ಎಲ್ಲರಿಗೂ ಇದೆ.
ಆ ಚೀಟಿಯನ್ನೇನು ಮಾಡಬೇಕೆಂದು
ಒಂಬತ್ತನೇ ಆವೃತ್ತಿಯಲ್ಲಿ ಎಲ್ಲೂ ಇಲ್ಲ.

ನನ್ನ ಪಾಲಿಗೆ ಬಂದದ್ದು ಕಿಟಕಿಗಳು.
ಗಾಳಿ ಆಡಬೇಕು, ಅಂದಳು ಐಲಿ.
ನೂರ ಹದಿನಾಲ್ಕು ಕಿಟಕಿ. ಎಣ್ಣೆ ದುಬಾರಿಯಾದ ವರ್ಷ
ಬಣ್ಣ ಬಳಿದು ಬಾಯಿ ಕಟ್ಟಿದ್ದು. ಕಟ್ಟಿದವನು ನಮ್ಮಪ್ಪ,
ಆಗ ಗೊಂಚಲು ಅವನ ಸೊಂಟದಲ್ಲಿತ್ತು.
ಒಂದೆಳೆ ಚಳಿ ನುಸುಳಬಾರದೆಂದು
ಆಣೆಯಿಟ್ಟವನ ಹಾಗೆ ಮಾಡಿದ ಕೆಲಸ, ಪುಣ್ಯಾತ್ಮ.
ಈಗ ಅವನ ಒಂದೊಂದು ಗೆರೆಯನ್ನೂ
ಚಪ್ಪಟೆ ಚಾಕುವಿನಿಂದ ಸೀಳುತ್ತಿದ್ದೇನೆ.
ಹಸಿರು, ಅದರಡಿ ಕೆನೆ, ಅದರಡಿ ಬೂದು,
ಅದರಡಿ ಮರ.
ದಿನಕ್ಕೆ ಆರು ಬಿಟ್ಟುಕೊಡುತ್ತವೆ. ಏಳನೆಯದರ ಗಾಜು ಒಡೆಯುತ್ತದೆ.

ಜನವರಿಯಲ್ಲಿ? ಅಂದ ಡುವೇನ್. ಸೊನ್ನೆಗಿಂತ ಮೂವತ್ತು ಕೆಳಗೆ?
ಎಲ್ಲರೂ ನನ್ನತ್ತ ತಿರುಗಿದರು,
ಚಳಿಗಾಲದ ಕೀಲಿಯೂ ನನ್ನಲ್ಲೇ ಇದೆಯೆಂಬಂತೆ.
ಕೋಟು ಹಾಕಿಕೊಂಡೇ ಓದಲಿ, ಅಂದೆ.
ಎರಡು ತಿಂಗಳಲ್ಲಿ ನಾನಾಡಿದ ಒಂದೇ ಮಾತು.
ಮೇಡಂ ಬರೆದುಕೊಂಡರು:
ಪುಟ ನಲವತ್ತೆರಡು, ಉಪವಿಭಾಗ ಇ.

ಜ್ವರ ಬಂದ ಮಗುವಿಗೆ ಹಳೇ ಪ್ರೊಜೆಕ್ಟರ್ ಕೋಣೆ.
ರೀಲು ಡಬ್ಬಿಗಳನ್ನು ಹೊತ್ತು ಹಾಕಿದೆ, ಗುಡಿಸಿದೆ.
ಐಲಿ ಒಳಗೆ ಎರಡು ಕುರ್ಚಿ ಇಟ್ಟಳು.
ಎರಡು ಯಾಕೆ? ಅಂದ ಹಲ್ಲಿನ ಡಾಕ್ಟರು.
ಮತ್ತೆ, ಅದೊಂದನ್ನೇ ಕೂರಿಸಿ ಬರಲೇ? ಅಂದಳು.
ಆ ಎರಡನೇ ಕುರ್ಚಿ ಯಾರದೆಂದು ಯಾರೂ ಕೇಳಲಿಲ್ಲ.
ಅವಳಿಗೆ ಅರವತ್ಮೂರು, ಸಕ್ಕರೆ ಕಾಯಿಲೆ.
ಮರುದಿನ ಡಾಕ್ಟರು ತನ್ನ ಕ್ಲಿನಿಕ್ಕಿನಿಂದ
ಎರಡು ಡಬ್ಬ ಗೌನು ತಂದು
ನರ್ಸಿನ ಬಾಗಿಲಲ್ಲಿಟ್ಟು, ಸದ್ದಿಲ್ಲದೆ ಹೋದ.
ಮೂರಡಿಯ ಮಾತು ಮಾತ್ರ ಬಿಡಲಿಲ್ಲ.

ಕೊನೆಗೆ ಊಟದ ಮನೆ. ನೆಲಕ್ಕೆ ಹಳದಿ ಚುಕ್ಕಿ ಅಂಟಿಸುವುದು,
ಕಿಂಡಿಯಿಂದ ಆರಡಿ, ಅಲ್ಲಿಂದ ಆರಡಿ, ಬಾಗಿಲ ತನಕ.
ಮುಗಿಸಿ, ಮೊದಲ ಚುಕ್ಕಿಯ ಮೇಲೆ ಮಂಡಿಯೂರಿ
ಒಂದನೇ ಕ್ಲಾಸಿನ ಎತ್ತರಕ್ಕೆ ಇಳಿದು ನೋಡಿದೆ.
ಕಿಂಡಿಯ ಅಂಚು ಅಡ್ಡ ಬಂದು
ರೋಸಳ ಚೀಟಿಯಲ್ಲಿ ನೂಕಬೇಡಿ ಮಾತ್ರ ಕಾಣುತ್ತದೆ.

ಚುಕ್ಕಿ ಕಿತ್ತು ಒಂದಡಿ ಹಿಂದೆ ಅಂಟಿಸಿದೆ.
ಅಲ್ಲಿಂದ ಎರಡನೇ ಸಾಲೂ ಕಾಣುತ್ತದೆ.
ಹಿಂದಿನ ಚುಕ್ಕಿಗೆ ಈಗ ಐದಡಿ.
ಐಲಿ ಅಳೆಯುತ್ತಾಳೆ, ಗೊತ್ತು.
ಹಾಗಾಗಿ ಅದನ್ನೂ ಕಿತ್ತೆ, ಅದರ ಹಿಂದಿನದನ್ನೂ,
ಬಾಗಿಲ ತನಕ.